ಹೊಂದಿಕೊಳ್ಳಬೇಕಾದವರು ಯಾರು?

ಕಳೆದ ಮೂರು ವರ್ಷಗಳಿಂದ ನಾಚಾರಂನ ನಮ್ಮ ಮನೆಗೆ ಬಂದುಹೋಗುವ ಬಂಧುಮಿತ್ರರು ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಂದು ಮಾತನ್ನು ತಪ್ಪದೆ ಕೇಳುತ್ತಾರೆ: “ಹುಡುಗಿ ಆ ಮಶಿನ್‌ಗೆ ಹೊಂದ್ಕೊಂಡಾಳೇನ್ರಿ?” ಕೇಳುವವರ ಕಕ್ಕುಲಾತಿಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನಮಗೆ ಸಾಕಾಗಿದೆ. ನಮ್ಮ ಮಗಳು ಇನ್ಸುಲಿನ್ ಪಂಪಿಗೆ ಹೊಂದಿಕೊಂಡು ಬಹಳ ದಿನಗಳಾದವು. ಇನ್ನೂ ಹೊಂದಿಕೊಳ್ಳದೆ ಉಳಿದವರು ಬೇರೆಯವರು. ಅವರು ಯಾರೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ. ಕೆಲವರಿಗೆ ಖಾರವೆನಿಸಿದರೆ ಕ್ಷಮೆಯಿರಲಿ. ಬರೆಯುತ್ತಿರುವ ನಾವು ಕೂಡ ಆರೋಪಿಗಳ ಸಾಲಿನಲ್ಲೇ ನಿಂತಿದ್ದೇವೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಮೊದಲು ರೋಗದ ವಿಷಯ. ನಮ್ಮ ಭಾಷೆಯಲ್ಲಿ ಮಧುಮೇಹ, ಸಕ್ಕರೆ ಕಾಯಿಲೆ, ‘ಶುಗರ್’ ಎಂದು ಎಷ್ಟು ಹೆಸರುಗಳಿದ್ದರೂ ಎರಡು ಬೇರೆಬೇರೆ ರೋಗಗಳನ್ನು ನಾವು ಒಂದೇ ಚೀಲಕ್ಕೆ ತುಂಬುತ್ತೇವೆ. ನಡುವಯಸ್ಸು ದಾಟಿದ ಮೇಲೆ ಬಂದು, ಮಾತ್ರೆ, ಪಥ್ಯ, ನಡಿಗೆಗಳಿಂದ ಬಹುಮಟ್ಟಿಗೆ ಹಿಡಿತಕ್ಕೆ ಸಿಗುವುದು ಒಂದು. ನಮ್ಮ ಮಗಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ಬಂದದ್ದು ಇನ್ನೊಂದು, ವೈದ್ಯರು ಮೊದಲನೆಯ ಬಗೆ ಎಂದು ಕರೆಯುವಂಥದು. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡಿಬಿಡುತ್ತದೆ. ಮಗು ಹೆಚ್ಚು ಮಿಠಾಯಿ ತಿಂದದ್ದರಿಂದ ಇದು ಬರುವುದಿಲ್ಲ. ತಾಯಿ ಬಸಿರಿನಲ್ಲಿ ಏನೋ ತಿಂದದ್ದರಿಂದಲೂ ಬರುವುದಿಲ್ಲ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ರೋಗಿ ಬದುಕುವುದಿಲ್ಲ. ಟೊರಾಂಟೊ ನಗರದಲ್ಲಿ 1922ರ ಜನವರಿಯಲ್ಲಿ ಮೊದಲ ಬಾರಿಗೆ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನ್ ಚುಚ್ಚುವವರೆಗೆ ಇಂಥ ಮಕ್ಕಳ ಪಾಲಿಗೆ ಅರೆಹೊಟ್ಟೆಯ ಪಥ್ಯ ಮತ್ತು ಸಾವಿನ ನಿರೀಕ್ಷೆ ಬಿಟ್ಟು ಬೇರೆ ಚಿಕಿತ್ಸೆಯೇ ಇರಲಿಲ್ಲ. ಅದನ್ನು ಕಂಡುಹಿಡಿದವರು ಮರುವರ್ಷ ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಆ ಔದಾರ್ಯದ ಕಥೆ ಹೇಳಿದಾಗ ತಲೆದೂಗುವ ನಮ್ಮ ಹಿರಿಯರೇ ಮರುಕ್ಷಣದಲ್ಲಿ, “ಇನ್ಸುಲಿನ್ ಒಮ್ಮೆ ಹಿಡಿದರೆ ಬಿಡೋದಿಲ್ಲ, ಹಾಗಲಕಾಯಿ ರಸ ಕುಡಿಸಿ ನೋಡ್ರಿ” ಎನ್ನುತ್ತಾರೆ. ಉಸಿರಾಟವೂ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಅದನ್ನು ಬಿಡಿಸಲು ಯಾರಾದರೂ ರಸ ಕುಡಿಸುತ್ತಾರೆಯೇ?

ಇನ್ನು ಪಂಪಿನ ವಿಷಯ. 1963ರ ಸುಮಾರಿಗೆ ಅಮೆರಿಕದ ವೈದ್ಯರೊಬ್ಬರು ತಯಾರಿಸಿದ ಮೊದಲ ಪಂಪನ್ನು ಸಿಪಾಯಿಯ ಗಂಟಿನ ಹಾಗೆ ಬೆನ್ನಿಗೆ ಹೊರಬೇಕಾಗಿತ್ತು. ಇಂದು ನಮ್ಮ ಮಗಳ ಸೊಂಟದಲ್ಲಿರುವುದು ದೊಡ್ಡದೊಂದು ವಿಭೂತಿಗಟ್ಟಿಯಷ್ಟಿದೆ. ಅದರಿಂದ ಹೊರಟ ಸಣ್ಣ ಕೊಳವೆ ಚರ್ಮದಡಿಯ ಮೃದುವಾದ ನಳಿಕೆಗೆ ಸೇರುತ್ತದೆ. ಗಂಟೆಗೆ ಅರ್ಧವೋ ಮುಕ್ಕಾಲೋ ಯೂನಿಟ್ಟಿನಂತೆ ಹಗಲೂ ರಾತ್ರಿ ಇನ್ಸುಲಿನ್ ಜಿನುಗುತ್ತಿರುತ್ತದೆ. ಊಟಕ್ಕೆ ಕುಳಿತಾಗ ಅವಳು ಲೆಕ್ಕಹಾಕಿ ಗುಂಡಿ ಒತ್ತಿದರೆ ಆ ಊಟಕ್ಕೆ ಬೇಕಾದಷ್ಟು ಹೆಚ್ಚಿಗೆ ಹೋಗುತ್ತದೆ. ತೋಳಿನ ಮೇಲಿನ ಸೆನ್ಸರ್ ಸಕ್ಕರೆಯ ಏರಿಳಿತವನ್ನು ತಿಳಿಸುತ್ತ, ಮಿತಿ ಮೀರಿದಾಗ ಕೂಗುತ್ತದೆ. ಮೊದಲು ದಿನಕ್ಕೆ ನಾಲ್ಕರಂತೆ ವರ್ಷಕ್ಕೆ 1460 ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದವಳು ಈಗ ಮೂರು ದಿನಕ್ಕೊಮ್ಮೆ ನಳಿಕೆ ಬದಲಿಸುತ್ತಾಳೆ. ವರ್ಷಕ್ಕೆ ನೂರಿಪ್ಪತ್ತು ಸಲ. ಚುಚ್ಚುವ ಸಂಖ್ಯೆ ಇಳಿದದ್ದೊಂದೇ ಲಾಭವಲ್ಲ. 1441 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಪಂಪಿನಿಂದಾಗಲಿ, ದಿನಕ್ಕೆ ಮೂರಕ್ಕಿಂತ ಕಡಿಮೆಯಿಲ್ಲದ ಚುಚ್ಚುಮದ್ದುಗಳಿಂದಾಗಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದವರ ಕಣ್ಣು, ಮೂತ್ರಪಿಂಡ, ನರಗಳು ಬಹುಮಟ್ಟಿಗೆ ಉಳಿಯುತ್ತವೆಂಬುದನ್ನು ಅದು ಸಾಧಿಸಿ ತೋರಿಸಿತು.

ಹಾಗೆಂದು ಪಂಪು ಸಂಜೀವಿನಿಯಲ್ಲ. ಎಲ್ಲರೂ ಅದನ್ನೇ ಕೊಳ್ಳಬೇಕೆಂದೂ ನಾವು ಹೇಳುತ್ತಿಲ್ಲ. ಸೂಜಿ, ಪೆನ್ನುಗಳಿಂದಲೇ ಶಿಸ್ತಾಗಿ ಬಾಳುವ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಪಂಪಿನಲ್ಲಿ ಅದರದೇ ಆದ ಒಂದು ಅಪಾಯವುಂಟು. ಅದರಲ್ಲಿರುವುದು ಬೇಗ ಕೆಲಸಮಾಡಿ ಬೇಗ ಮುಗಿದುಹೋಗುವ ಇನ್ಸುಲಿನ್ ಮಾತ್ರ. ನಳಿಕೆ ಮಡಚಿಕೊಂಡರೆ, ಪಂಪು ನಿಂತರೆ, ಕೆಲವೇ ಗಂಟೆಗಳಲ್ಲಿ ದೇಹದಲ್ಲಿ ಇನ್ಸುಲಿನ್ ಬರಿದಾಗಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ತುಂಬಿಕೊಳ್ಳುತ್ತವೆ. ವಾಂತಿ, ಏದುಸಿರು, ಕೊನೆಗೆ ಎಚ್ಚರ ತಪ್ಪುವುದು. ಸ್ನಾನಕ್ಕೆಂದು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ತೆಗೆದಿಡಬಹುದು. ಅದಕ್ಕಿಂತ ಹೆಚ್ಚು ಸಲ್ಲದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ಪ್ರಸಂಗ ಇದರ ಮೇಲೆ ನಿಂತಿದೆ.

ಯಾವ ಸಭೆ, ಯಾವ ವರ್ಷ ಎಂಬುದು ಇಲ್ಲಿ ಬೇಡ. ನಮ್ಮವರದೇ ಒಂದು ಸಮಾರಂಭ. ಕನ್ನಡ ಮಕ್ಕಳ ನೃತ್ಯ. ಸಂಜೆ ಐದಕ್ಕೆ ಬಣ್ಣದ ಕೋಣೆಯಲ್ಲಿ ಹಿರಿಯ ತಾಯಿಯೊಬ್ಬರು ನಮ್ಮ ಮಗಳ ಸೊಂಟವನ್ನು ನೋಡಿ, “ಡಾಬಿನ ಕೆಳಗ ಇದೇನವ್ವ? ಫೋಟೋದಾಗ ಛಂದ ಕಾಣೂದಿಲ್ಲ. ಅರ್ಧ ತಾಸಿನ ಮಾತು, ತೆಗೆದಿಡು” ಎಂದರು. ಮಗಳು ನಮ್ಮ ಮುಖ ನೋಡಿದಳು. ನಾವು ತಲೆಯಾಡಿಸಿದೆವು. ಐದೂವರೆಗೆಂದು ಅಚ್ಚುಹಾಕಿಸಿದ್ದ ನೃತ್ಯ ಮುಖ್ಯ ಅತಿಥಿಗಳ ಆಗಮನ, ಹಾರ, ಶಾಲು, ಪ್ರಾಸ್ತಾವಿಕ, ಕನ್ನಡದ ಅಳಿವು–ಉಳಿವು ಕುರಿತ ಎರಡು ದೀರ್ಘ ಭಾಷಣಗಳನ್ನೆಲ್ಲ ದಾಟಿ ಆರಂಭವಾದಾಗ ಎಂಟೂಕಾಲು. ಅದಾದ ಮೇಲೆ ಅತಿಥಿಗಳೊಡನೆ ಚಿತ್ರ ತೆಗೆಸಿಕೊಳ್ಳುವ ಸಂಭ್ರಮ. ನಮ್ಮ ಚೀಲದಲ್ಲಿದ್ದ ಪಂಪು ಸೆನ್ಸರಿನ ಸಂಪರ್ಕ ತಪ್ಪಿತೆಂದು ಮತ್ತೆ ಮತ್ತೆ ಕೂಗುತ್ತಿತ್ತು. ಮುಂದಿನ ಸಾಲಿನವರು ತಿರುಗಿ ನೋಡಿದರೆಂದು ಅದರ ಬಾಯಿ ಮುಚ್ಚಿಸಿದವರು ನಾವೇ. ಮತ್ತೆ ಪಂಪು ಜೋಡಿಸಿದಾಗ ಒಂಬತ್ತೂವರೆ. ಸಕ್ಕರೆ ನಾನೂರು ದಾಟಿತ್ತು. ತಾರ್ನಾಕದ ಹತ್ತಿರ ಆಟೋದಲ್ಲೇ ವಾಂತಿ ಹತ್ತಿತು. ಆ ರಾತ್ರಿ, ಮರುರಾತ್ರಿ ಎರಡನ್ನೂ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕಳೆದೆವು. ಮುಖಕ್ಕೆ ಬಳಿದ ಬಣ್ಣವನ್ನು ಒರೆಸುವುದಕ್ಕೂ ಮೊದಲ ಹಗಲಿನವರೆಗೆ ಸಮಯ ಸಿಗಲಿಲ್ಲ.

ಆ ತಾಯಿ ಕೆಟ್ಟವರಲ್ಲ. ಮರುದಿನ ಹಣ್ಣು ಹಿಡಿದು ಆಸ್ಪತ್ರೆಗೆ ಬಂದು ಅತ್ತವರೂ ಅವರೇ. ಆದರೆ ಒಂದು ಮಗುವಿನ ಪ್ರಾಣ ಹಿಡಿದಿದ್ದ ವಸ್ತು ಫೋಟೋದಲ್ಲಿ ಛಂದ ಕಾಣುವುದಿಲ್ಲವೆಂಬ ಒಂದು ಮಾತಿಗೆ ಹೆತ್ತವರಾದ ನಾವು ಎದುರಾಡದೆ ಸುಮ್ಮನಾದೆವಲ್ಲ, ಅದು ಎಲ್ಲಿಂದ ಬಂತು? ನಾಚಿಕೆಯಿಂದ ಬಂತು. ನಮ್ಮ ಸಮಾಜ ಈ ರೋಗಕ್ಕೆ ಅಂಟಿಸಿರುವ, ವಿಶೇಷವಾಗಿ ಹೆಣ್ಣುಮಕ್ಕಳಿಗೆ ಅಂಟಿಸಿರುವ ನಾಚಿಕೆಯಿಂದ ಬಂತು. ಪಂಪು ಬಂದ ವಾರವೇ ನಮಗೆ ಸಿಕ್ಕ ಮೊದಲ ಸಲಹೆ, “ಯಾರ ಮುಂದೂ ಹೇಳಬ್ಯಾಡ್ರಿ, ಮುಂದ ಲಗ್ನದ ಮಾತು ಬರ್ತದ” ಎಂಬುದು.

ಇದನ್ನು ನೇರವಾಗಿಯೇ ಎದುರಿಸೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ನಮ್ಮ ಯಾವ ಮದುವೆಯ ಪಂಕ್ತಿಯಲ್ಲಿ ಬೇಕಾದರೂ ನೋಡಿ: ಜೇಬಿನಿಂದ ಮಾತ್ರೆ ತೆಗೆದು ನುಂಗಿ, “ಇನ್ನೊಂದು ಹೋಳಿಗೆ ಬಡಿಸು, ತುಪ್ಪ ಜಾಸ್ತಿ ಇರಲಿ” ಎನ್ನುವ ಹಿರಿಯರು ಎಷ್ಟು ಮಂದಿ! ಅವರಿಗಿಲ್ಲದ ನಾಚಿಕೆ, ತಾನು ಯಾವ ತಪ್ಪನ್ನೂ ಮಾಡದೆ, ಕುಳಿತ ಪ್ರತಿ ತುತ್ತಿಗೂ ಲೆಕ್ಕ ಒಪ್ಪಿಸುವ ಹುಡುಗಿಗೆ ಏಕೆ? ಲಗ್ನಕ್ಕೆ ಮೊದಲು ಮುಚ್ಚಿಟ್ಟ ಸಂಗತಿ ಲಗ್ನದ ಮೇಲೆ ಬಯಲಾದಾಗ ಆಗುವ ಅನಾಹುತ ನಮಗೆ ಗೊತ್ತಿಲ್ಲದ್ದೇ? ಪಂಪನ್ನು ಕಂಡು ಹಿಂದೆ ಸರಿಯುವ ಮನೆತನ ಮೊದಲೇ ಸರಿದುಹೋದರೆ ಅದು ನಮ್ಮ ಪುಣ್ಯವೆಂದೇ ತಿಳಿಯುತ್ತೇವೆ.

ಮುಚ್ಚಿಡುವುದರ ಬೆಲೆ ಇನ್ನೂ ಒಂದಿದೆ. ಬಸ್ಸಿನಲ್ಲಿಯೋ ತರಗತಿಯಲ್ಲಿಯೋ ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದು ಅವಳು ಬೆವೆತು ತಡವರಿಸತೊಡಗಿದರೆ, ಪಕ್ಕದಲ್ಲಿದ್ದವರಿಗೆ ವಿಷಯ ಗೊತ್ತಿರಬೇಡವೇ? ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಕಾದು, ಏರದಿದ್ದರೆ ಮತ್ತೊಮ್ಮೆ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಬೇಕು. ಇಷ್ಟು ಸರಳವಾದ ವಿದ್ಯೆ. ಆದರೆ ‘ಶುಗರ್ ಹುಡುಗಿಗೆ ಸಕ್ಕರೆ ಕೊಡಬಾರದು’ ಎಂದು ಪಕ್ಕದ ಪುಣ್ಯಾತ್ಮರು ಲೋಟ ಕಸಿದುಕೊಂಡರೆ ಗತಿಯೇನು? ಇದು ಊಹೆಯ ಮಾತಲ್ಲ. ಒಮ್ಮೆ ನಮ್ಮ ಕಣ್ಣೆದುರಿಗೇ ನಡೆದದ್ದು.

ಈಗ ನಮ್ಮ ಅಡಿಗೆಮನೆಗೆ ಬರೋಣ. ಪಂಪು ಕೇಳುವುದು ಒಂದೇ ಪ್ರಶ್ನೆ: ಈ ಊಟದಲ್ಲಿ ಶರ್ಕರಪಿಷ್ಟ ಎಷ್ಟು ಗ್ರಾಂ? ನಮ್ಮ ಮಗಳಿಗೆ ಹತ್ತು ಗ್ರಾಂಗೆ ಒಂದು ಯೂನಿಟ್ ಎಂದು ವೈದ್ಯರು ಗೊತ್ತುಮಾಡಿದ್ದಾರೆ. ಇದು ಒಬ್ಬೊಬ್ಬರಿಗೆ ಒಂದೊಂದು. ಬಂಧುಗಳ ಮನೆಯಲ್ಲಿ ಅವಳು, “ಅತ್ತಿ, ಒಂದು ರೊಟ್ಟಿಗೆ ಎಷ್ಟು ಹಿಟ್ಟು ಹಿಡೀತದ?” ಎಂದರೆ, “ಕಣ್ಣಳತಿ ಮ್ಯಾಲ ಹಾಕೀನವ್ವ, ಹಿಟ್ಟು ತೂಗಿ ಯಾರರ ರೊಟ್ಟಿ ಬಡೀತಾರೇನು?” ಎಂಬ ನಗು. ತೂಗಿ ಬಡಿದರೆ ತಪ್ಪೇನು? ನಮ್ಮ ನಾಚಾರಂನಿಂದ ಕೂಗಳತೆಯಲ್ಲೇ ಎನ್ನಬಹುದಾದ ತಾರ್ನಾಕದಲ್ಲಿ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯಿದೆ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ಈ ಸಂಸ್ಥೆ ಭಾರತದ ಆಹಾರಗಳನ್ನೆಲ್ಲ ಅಳೆದು ಕೋಷ್ಟಕಗಳನ್ನು ಪ್ರಕಟಿಸಿದೆ. 2017ರ ಕೋಷ್ಟಕದಂತೆ ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ, ರಾಗಿಯಲ್ಲಿ 67 ಗ್ರಾಂ, ಅಕ್ಕಿಯಲ್ಲಿ 78 ಗ್ರಾಂ ಶರ್ಕರಪಿಷ್ಟವಿದೆ. ನಲವತ್ತು ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯೆಂದರೆ 27 ಗ್ರಾಂ. “ಮುದ್ದೆ ತಿನ್ನಿಸಿ, ಅದರಲ್ಲಿ ಸಕ್ಕರೆಯೇ ಇಲ್ಲ” ಎಂದು ಉಪದೇಶಿಸುವ ಹಳೆಯ ಮೈಸೂರಿನ ಮಿತ್ರರು ಈ ಅಂಕಿಯನ್ನು ಗಮನಿಸಬೇಕು. ರಾಗಿಯಲ್ಲಿ ನಾರು ಹೆಚ್ಚು, ಒಳ್ಳೆಯ ಧಾನ್ಯ ನಿಜ. ಆದರೆ ಮುದ್ದೆಗೂ ಇನ್ಸುಲಿನ್ ಬೇಕೇ ಬೇಕು. ಕನ್ನಡ ಮನೆಯ ರೊಟ್ಟಿ, ಮುದ್ದೆ, ಬಿಸಿಬೇಳೆ ಭಾತು, ಹೋಳಿಗೆಗಳ ಲೆಕ್ಕವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಡುವ ಕೆಲಸ ಯಾರದು? ವರ್ಷಕ್ಕೆರಡು ಅಡಿಗೆ ಸ್ಪರ್ಧೆ ನಡೆಸುವ ನಮ್ಮ ಮಹಿಳಾ ವಿಭಾಗಗಳಿಗೆ ಇದು ಮೀರಿದ ಕೆಲಸವೇ?

ಊಟದ ಎಲೆಯ ಮುಂದೆ ನಮ್ಮ ಜನ ಎರಡು ಪಂಗಡವಾಗುತ್ತಾರೆ. ಹೋಳಿಗೆಯನ್ನು ಎಲೆಯಿಂದ ಎತ್ತಿಕೊಂಡು ಹೋಗುವವರು ಒಂದು ಕಡೆ, “ಪ್ರಸಾದ ಬೇಡ ಅನಬಾರದು, ಒಂದು ತುಣುಕಿಗೆ ಏನಾಗ್ತದ?” ಎಂದು ಬಾಯಿಗೇ ತುರುಕುವವರು ಇನ್ನೊಂದು ಕಡೆ. ಇಬ್ಬರೂ ಅವಳನ್ನು ಒಂದು ಮಾತು ಕೇಳುವುದಿಲ್ಲ. ಅವಳು ಹೋಳಿಗೆ ತಿನ್ನಬಲ್ಲಳು, ಲೆಕ್ಕಹಾಕಿ ತಿನ್ನುತ್ತಾಳೆ. ಬೇಡವೆಂದ ದಿನ ಬೇಡ ಎನ್ನುತ್ತಾಳೆ. ತೀರ್ಮಾನ ಅವಳದು.

ಅವಳು ಎಷ್ಟಕ್ಕೆ ಹೊಂದಿಕೊಂಡಿದ್ದಾಳೆಂಬುದನ್ನೂ ಕೇಳಿ. ರಾತ್ರಿ ಮೂರು ಗಂಟೆಗೆ ಪಂಪು ಕೂಗಿದರೆ ಎದ್ದು ಸಕ್ಕರೆ ನೋಡಿಕೊಳ್ಳುತ್ತಾಳೆ. ಮೇ ತಿಂಗಳಲ್ಲಿ ನಾಚಾರಂನ ಸಿಮೆಂಟು ಛಾವಣಿ ಕಾದು ಕೆಂಡವಾದಾಗ, ಬೆವರಿಗೆ ಅಂಟುಪಟ್ಟಿ ಕಳಚಿದರೆ ನಳಿಕೆಯನ್ನು ಹೊಸದಾಗಿ ಹಾಕಿಕೊಳ್ಳುತ್ತಾಳೆ. ಕರೆಂಟು ಹೋಗಿ ತಂಗಳಪೆಟ್ಟಿಗೆ ನಿಂತ ದಿನ, ಇನ್ಸುಲಿನ್ ಸೀಸೆಗಳನ್ನು ಒದ್ದೆ ಮರಳಿನ ನಡುವಿನ ಮಣ್ಣಿನ ಕುಡಿಕೆಗೆ ಸಾಗಿಸುತ್ತಾಳೆ. ಹಬ್ಸಿಗುಡದಲ್ಲಿ ಮೆಟ್ರೋ ಹತ್ತುವಾಗ ತಪಾಸಣೆಯವರಿಗೆ ತೆಲುಗಿನಲ್ಲಿ, ಹಿಂದಿಯಲ್ಲಿ ವಿವರಿಸುತ್ತಾಳೆ. ಪರಕೀಯರೆಂದು ನಾವು ಎಣಿಸುವ ಆ ಸಿಬ್ಬಂದಿ ಒಮ್ಮೆ ಕೇಳಿ ತಿಳಿದು ದಾರಿ ಬಿಡುತ್ತಾರೆ. ಕನ್ನಡದಲ್ಲಿ ನೂರು ಸಲ ವಿವರಿಸಿದರೂ ನೂರೊಂದನೆಯ ಸಲ ‘ಪಾಪ’ ಎನ್ನುವವರು ನಮ್ಮವರೇ.

ಇನ್ನು ಹಣದ ಮಾತು. ಪಂಪಿನ ಬೆಲೆ ಲಕ್ಷಗಳಲ್ಲಿ. ಆಮೇಲೆ ಕೊಳವೆ, ಸೆನ್ಸರುಗಳಿಗೆ ತಿಂಗಳು ತಿಂಗಳೂ ಸಾವಿರಾರು ರೂಪಾಯಿ. ನಾವು ಭಾಲ್ಕಿ ಕಡೆಯ ಪಾಲಿನ ಎರಡೆಕರೆ ಹೊಲವನ್ನು ಮಾರಿ ತೆಗೆದುಕೊಂಡೆವು. ಮಾರಲು ನಮಗೆ ಹೊಲವಾದರೂ ಇತ್ತು. ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ದುಡಿಯುವವರಿಗೆ ಏನಿದೆ? 2017ರಲ್ಲಿ ಇ.ಎಸ್.ಐ.ಗೆ ಗೊತ್ತಾದ ವೇತನಮಿತಿ ತಿಂಗಳಿಗೆ 21,000 ರೂಪಾಯಿ. ಆ ಸಂಬಳವನ್ನು ಒಂದು ಕಾಸೂ ಖರ್ಚುಮಾಡದೆ ವರ್ಷವಿಡೀ ಕೂಡಿಟ್ಟರೂ ಎರಡೂವರೆ ಲಕ್ಷವಷ್ಟೆ. ಆಗುವುದಿಲ್ಲವೆಂದು ಸರ್ಕಾರಗಳು ಹೇಳುವಂತಿಲ್ಲ. ಕೇರಳ ಸರ್ಕಾರ ‘ಮಿಠಾಯಿ’ ಎಂಬ ಅಕ್ಕರೆಯ ಹೆಸರಿನ ಯೋಜನೆಯಲ್ಲಿ ಈ ರೋಗದ ಬಡ ಮಕ್ಕಳಿಗೆ ಇನ್ಸುಲಿನ್ ಪೆನ್ನು, ಸೆನ್ಸರು, ಅರ್ಹರಾದವರಿಗೆ ಪಂಪನ್ನೂ ಉಚಿತವಾಗಿ ಕೊಡುವ ಏರ್ಪಾಡು ಮಾಡಿದೆ. ಕಾಸರಗೋಡೂ ಕೇರಳದ್ದೇ ಜಿಲ್ಲೆ. ಅಂದರೆ ಅಲ್ಲಿಯ ಕನ್ನಡ ಮಗು ಕೇಳಬಹುದಾದದ್ದನ್ನು ನಾಚಾರಂನ ಕನ್ನಡ ಮಗು ಯಾರನ್ನು ಕೇಳಬೇಕು? ಇಲ್ಲಿಯವರು ನೀವು ಕರ್ನಾಟಕದವರೆನ್ನುತ್ತಾರೆ. ಅಲ್ಲಿಯವರು ನಿಮ್ಮ ರೇಷನ್ ಕಾರ್ಡು ತೆಲಂಗಾಣದ್ದೆನ್ನುತ್ತಾರೆ. ಇಂಥ ಕಡೆ ಒಬ್ಬೊಬ್ಬರಾಗಿ ಅರ್ಜಿ ಹಿಡಿದು ಅಲೆದರೆ ಆಗುವುದೇನೂ ಇಲ್ಲ. ಸಂಘವೇ ಮುಂದೆ ನಿಲ್ಲಬೇಕು.

“ನಮ್ಮದು ಸಾಹಿತ್ಯ, ಸಂಗೀತಗಳ ಸಂಘ, ಆಸ್ಪತ್ರೆಯಲ್ಲ” ಎಂದು ಪದಾಧಿಕಾರಿಗಳು ಹೇಳಬಹುದು. ಒಪ್ಪಿದೆವು. ಕಾಚಿಗುಡದಲ್ಲಿ ನೃಪತುಂಗ ಶಾಲೆಯನ್ನು ಕಟ್ಟಿದ ಹಿರಿಯರೂ ಹೀಗೆಯೇ, ‘ಶಾಲೆ ನಮ್ಮ ಕೆಲಸವಲ್ಲ, ಸರ್ಕಾರದ್ದು’ ಎಂದು ಕೈಕಟ್ಟಿ ಕುಳಿತಿದ್ದರೆ ಈ ಊರಿನಲ್ಲಿ ಕನ್ನಡ ಕಲಿತ ಎಷ್ಟು ಮಂದಿ ಇರುತ್ತಿದ್ದರು? ಪರಊರಿನಲ್ಲಿ ಸಂಘವೆಂದರೆ ಬಂಧುಬಳಗ. ಊರಲ್ಲಿದ್ದರೆ ಅತ್ತೆ, ಚಿಕ್ಕಪ್ಪ, ನೆರೆಮನೆಯವರು ಮಾಡುತ್ತಿದ್ದುದನ್ನು ಇಲ್ಲಿ ಸಂಘ ಮಾಡಬೇಕು. ಕಷ್ಟಕ್ಕಾಗದ ಬಳಗ ವರ್ಷಕ್ಕೊಮ್ಮೆ ನಾಡಗೀತೆ ಹಾಡಿದರೆ ಸಾಕೇ?

ನಾವು ಬೇಡುವುದು ಇಷ್ಟು. ಕಾರ್ಯಕ್ರಮಗಳು ಅಚ್ಚಾದ ವೇಳೆಗೆ ಆರಂಭವಾಗಲಿ. ಮಕ್ಕಳ ಕಾರ್ಯಕ್ರಮ ಮೊದಲು, ಭಾಷಣ ಆಮೇಲೆ. ಸಭಾಭವನದ ಕಚೇರಿಯಲ್ಲಿ ಒಂದು ಡಬ್ಬಿ ಸಕ್ಕರೆ, ಗೋಡೆಯ ಮೇಲೆ ಪ್ರಥಮ ಚಿಕಿತ್ಸೆಯ ನಾಲ್ಕು ಸಾಲು ಕನ್ನಡದಲ್ಲಿರಲಿ. ನಮ್ಮ ಅಡಿಗೆಗಳ ತೂಕ–ಲೆಕ್ಕದ ಹಾಳೆಯೊಂದನ್ನು ಈ ಪತ್ರಿಕೆಯೇ ಪ್ರಕಟಿಸಲಿ. ತಕ್ಕಡಿ ಹಿಡಿದು ತೂಗಿಕೊಡಲು ನಾವು ಸಿದ್ಧ. ‘ಸಕ್ಕರೆ ಕಾಯಿಲೆಗೆ ಶಾಶ್ವತ ಪರಿಹಾರ’ ಎಂಬ ಚೂರ್ಣ, ಕಷಾಯಗಳ ಜಾಹೀರಾತನ್ನು ನಮ್ಮವರ ಯಾವ ಪತ್ರಿಕೆ, ಸ್ಮರಣ ಸಂಚಿಕೆಯೂ ಹಾಕದಿರಲಿ. ಮಧುಮೇಹ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾನೂನಿನಂತೆಯೇ ನಿಷಿದ್ಧವೆಂಬುದು ನಮ್ಮ ಸಂಪಾದಕರಿಗೆ ತಿಳಿದಿರಲಿ. ಮಕ್ಕಳನ್ನು ಶಾಲೆಗೆ ಕಳುಹಿಸುವವರು ಇದನ್ನೂ ತಿಳಿದಿರಲಿ: ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2017ರಲ್ಲೇ ಇಂಥ ಮಕ್ಕಳಿಗೆ ಪರೀಕ್ಷಾ ಕೊಠಡಿಯೊಳಗೆ ಸಕ್ಕರೆ ಗುಳಿಗೆ, ಹಣ್ಣು, ನೀರು ಒಯ್ಯಲು ಅನುಮತಿ ಕೊಟ್ಟಿದೆ, ಕೇಳಲು ಸಂಕೋಚ ಬೇಡ. ಕೊನೆಯದಾಗಿ, ಇಂಥ ಮಕ್ಕಳಿರುವ ನಮ್ಮ ಕುಟುಂಬಗಳ ಪಟ್ಟಿಯೊಂದು, ಅವರವರ ಒಪ್ಪಿಗೆಯಿಂದ, ಸಂಘದಲ್ಲಿರಲಿ. ರಾತ್ರಿ ಹನ್ನೆರಡಕ್ಕೆ ಒಂದು ಮನೆಯಲ್ಲಿ ಇನ್ಸುಲಿನ್ ಸೀಸೆ ಒಡೆದರೆ ಇನ್ನೊಂದು ಮನೆಯ ಬಾಗಿಲು ತಟ್ಟುವಂತಿರಲಿ. ಎರಡೂ ಸರ್ಕಾರಗಳ ಮುಂದೆ ಒಂದೇ ಅರ್ಜಿ ಹೋಗಲಿ.

ಬರುವ ರಾಜ್ಯೋತ್ಸವಕ್ಕೆ ನಮ್ಮ ಮಗಳು ಮತ್ತೆ ನೃತ್ಯಕ್ಕೆ ಹೆಸರು ಕೊಟ್ಟಿದ್ದಾಳೆ. ಈ ಸಲ ಪಂಪು ಡಾಬಿನ ಕೆಳಗಿರುವುದಿಲ್ಲ. ಡಾಬಿನ ಪಕ್ಕದಲ್ಲೇ, ಎಲ್ಲರಿಗೂ ಕಾಣುವಂತೆ ಇರುತ್ತದೆ. ಫೋಟೋದಲ್ಲೂ ಇರುತ್ತದೆ. ನಡುವೆ ಅದು ಕೂಗಿದರೆ ಅವಳು ಒಂದು ನಿಮಿಷ ನಿಂತು, ನೋಡಿಕೊಂಡು, ಬೇಕಾದರೆ ಸಕ್ಕರೆ ಬಾಯಿಗೆ ಹಾಕಿಕೊಂಡು ಮುಂದುವರಿಯುತ್ತಾಳೆ. ಸಭೆ ಆ ಒಂದು ನಿಮಿಷ ಕಾಯಲಿ. ಮುಖ್ಯ ಅತಿಥಿಗಳಿಗಾಗಿ ಮೂರು ಗಂಟೆ ಕಾದು ಅಭ್ಯಾಸವಿರುವ ಸಭೆಗೆ ಇದೇನೂ ಕಷ್ಟವಾಗಲಾರದು.